ಚರ್ಮಕ್ಕೆ ಅಂಟಿಸುವ ಬಿಪಿ ಔಷಧಿ: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಲುಂಡ್‌ನಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಗಿರಾಕಿಗಳಲ್ಲಿ ಕನ್ನಡದವರು, ತುಳುವರು ಜಾಸ್ತಿ. ಹೋಟೆಲ್ ಕೆಲಸದವರು, ಬ್ಯಾಂಕಿನಿಂದ ನಿವೃತ್ತರಾದವರು, ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿ ಬರುವ ಹಿರಿಯರು. ಬಿಪಿ ಪ್ಯಾಚ್ ಬಗ್ಗೆ ಎರಡು ಬಗೆಯ ಜನ ಕೇಳುತ್ತಾರೆ. ಕೆಲವರು ಅಲ್ಲಿಂದ ನಿಜವಾದ ಪ್ಯಾಚ್ ತಂದವರು. ಉಳಿದವರು ಮೊಬೈಲಿನಲ್ಲಿ ಜಾಹೀರಾತು ನೋಡಿದವರು. ಕೌಂಟರಿನ ಗಡಿಬಿಡಿಯಲ್ಲಿ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಿ ಡೋಸ್ ಮಾತ್ರ ಬದಲಿಸಬೇಡಿ. ಅದು ನಿಮ್ಮನ್ನು ನೋಡುವ ಡಾಕ್ಟರ ಕೆಲಸ.

ಬಿಪಿಗೆ ನಿಜವಾಗಿಯೂ ಪ್ಯಾಚ್ ಇದೆಯಾ?

ಇದೆ. ಕ್ಲೊನಿಡಿನ್ ಎಂಬ ಔಷಧಿಯ ಪ್ಯಾಚ್‌ಗೆ ಅಮೆರಿಕದಲ್ಲಿ 1984ರಲ್ಲೇ ಅನುಮತಿ ಸಿಕ್ಕಿತು. ಅಲ್ಲಿ ಅದು ಕೆಟಾಪ್ರೆಸ್ ಟಿಟಿಎಸ್ ಎಂಬ ಹೆಸರಿನಲ್ಲಿ ಬಂತು, ಆಮೇಲೆ ಬೇರೆ ಕಂಪನಿಗಳೂ ಮಾಡಿದವು. ಒಂದು ಪ್ಯಾಚ್ ಅಂಟಿಸಿದರೆ 7 ದಿನ. ಜಪಾನ್‌ನಲ್ಲಿ 2013ರಲ್ಲಿ ಬಿಸೊಪ್ರೊಲಾಲ್ ಪ್ಯಾಚ್ ಬಂತು, ಅದನ್ನು ದಿನಕ್ಕೊಮ್ಮೆ ಬದಲಿಸಬೇಕು. ಯಾರಾದರೂ "ಬಿಪಿ ಪ್ಯಾಚ್" ಅಂದರೆ ಮೊದಲು ಒಳಗಿರುವ ಔಷಧಿಯ ಹೆಸರು ಕೇಳಿ. ಹೆಸರು ಹೇಳಲು ಬಾರದಿದ್ದರೆ ಅದು ಈ ಬಗೆಯ ಪ್ಯಾಚ್ ಅಲ್ಲ.

ಅದರೊಳಗೆ ಏನಿರುತ್ತದೆ? ಔಷಧಿ ಒಳಗೆ ಹೋಗುವುದು ಹೇಗೆ?

ಕ್ಲೊನಿಡಿನ್ ಪ್ಯಾಚ್ ನೋಡಲು ಚಿಕ್ಕ ಬ್ಯಾಂಡೇಜ್ ಹಾಗಿರುತ್ತದೆ, ಆದರೆ ಒಳಗೆ ನಾಲ್ಕು ಪದರ ಇವೆ. ಹೊರಗೆ ಹೊದಿಕೆ. ಅದರ ಕೆಳಗೆ ಔಷಧಿಯ ಸಂಗ್ರಹ. ಆಮೇಲೆ ಕಣ್ಣಿಗೆ ಕಾಣದ ರಂಧ್ರಗಳಿರುವ ತೆಳು ಪ್ಲಾಸ್ಟಿಕ್ ಪೊರೆ. ಕೊನೆಗೆ ಚರ್ಮಕ್ಕೆ ತಾಗುವ ಅಂಟು. ಕಾಫಿ ಫಿಲ್ಟರಿನಲ್ಲಿ ಡಿಕಾಕ್ಷನ್ ಒಂದೇ ಲೆಕ್ಕದಲ್ಲಿ ಇಳಿಯುತ್ತದಲ್ವಾ, ಆ ಕೆಲಸವನ್ನು ಇಲ್ಲಿ ಪೊರೆ ಮಾಡುತ್ತದೆ. ಔಷಧಿ ಚರ್ಮದ ಮೂಲಕ ಸಣ್ಣ ರಕ್ತನಾಳಗಳಿಗೆ ಸೇರಿ ಮೈಯೆಲ್ಲ ಹೋಗುತ್ತದೆ.

ಮೂರು ಅಳತೆಯಲ್ಲಿ ಬರುತ್ತದೆ: 3.5, 7 ಮತ್ತು 10.5 ಚದರ ಸೆಂಟಿಮೀಟರ್. ದಿನಕ್ಕೆ ಬಿಡುವ ಔಷಧಿ ಕ್ರಮವಾಗಿ 0.1, 0.2 ಮತ್ತು 0.3 ಮಿಲಿಗ್ರಾಂ. ಪ್ಯಾಚ್ ದೊಡ್ಡದಾದಷ್ಟೂ ಡೋಸ್ ಜಾಸ್ತಿ, ಅಷ್ಟೇ ಲೆಕ್ಕ. ಹಾಗಂತ ದೊಡ್ಡದನ್ನು ಕತ್ತರಿಸಿ ಚಿಕ್ಕದು ಮಾಡಿಕೊಳ್ಳಬಾರದು. ಕತ್ತರಿಸಿದರೆ ಆ ಪೊರೆಯ ಹಿಡಿತ ತಪ್ಪುತ್ತದೆ.

ನಾನು ತಿನ್ನುವ ಅಮ್ಲೋಡಿಪಿನ್, ಟೆಲ್ಮಿಸಾರ್ಟನ್‌ಗೆ ಯಾಕೆ ಪ್ಯಾಚ್ ಇಲ್ಲ?

ಒಳ್ಳೆಯ ಪ್ರಶ್ನೆ. ಉತ್ತರ ನಮ್ಮ ಚರ್ಮದಲ್ಲೇ ಇದೆ.

ಚರ್ಮ ಇರುವುದೇ ಹೊರಗಿನದನ್ನು ಹೊರಗೆ ಇಡಲು. ಅದರ ತೀರಾ ಮೇಲಿನ ಸತ್ತ ಕೋಶಗಳ ಪದರ ಮೈಯ ಹೆಚ್ಚಿನ ಭಾಗಗಳಲ್ಲಿ 10ರಿಂದ 20 ಮೈಕ್ರಾನ್ ಮಾತ್ರ ದಪ್ಪ, ಒಂದು ಕೂದಲಿಗಿಂತಲೂ ತೆಳು. ಆದರೂ ಬಹುತೇಕ ಔಷಧಿಗಳನ್ನು ಅದು ಒಳಗೆ ಬಿಡುವುದಿಲ್ಲ. ದಾಟಲು ಮೂರು ಗುಣ ಬೇಕು. ಅಣು ಚಿಕ್ಕದಿರಬೇಕು, ಸಾಮಾನ್ಯವಾಗಿ ಅಣುತೂಕ 500ಕ್ಕಿಂತ ಕಡಿಮೆ. ಎಣ್ಣೆಯಲ್ಲೂ ನೀರಿನಲ್ಲೂ ಸ್ವಲ್ಪ ಸ್ವಲ್ಪ ಕರಗಬೇಕು. ಎಲ್ಲಕ್ಕಿಂತ ಮುಖ್ಯ, ದಿನಕ್ಕೆ ಬೇಕಾಗುವ ಪ್ರಮಾಣ ತೀರಾ ಕಡಿಮೆ ಇರಬೇಕು.

ಕ್ಲೊನಿಡಿನ್‌ಗೆ ಈ ಮೂರೂ ಇವೆ. ಅದರ ಅಣುತೂಕ ಸುಮಾರು 230. ದಿನಕ್ಕೆ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗವೂ ಕೆಲಸ ಮಾಡುತ್ತದೆ. ಟೆಲ್ಮಿಸಾರ್ಟನ್ ನೋಡಿ: ಅಣುತೂಕ 514, ದಿನಕ್ಕೆ 40 ಅಥವಾ 80 ಮಿಲಿಗ್ರಾಂ ಬೇಕು. ಅಷ್ಟನ್ನು ಚರ್ಮದಿಂದ ಕಳಿಸಬೇಕಾದರೆ ಪ್ಯಾಚ್ ಎಷ್ಟು ದೊಡ್ಡದಾದೀತು ಯೋಚಿಸಿ. ಅಮ್ಲೋಡಿಪಿನ್ ಕಥೆ ಬೇರೆ. ಬಾಯಿಂದ ತಗೊಂಡರೆ ಮೈ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ರಕ್ತದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ದಿನಕ್ಕೊಂದು ಮಾತ್ರೆಯೇ ಇಡೀ ದಿನ ಸಮವಾಗಿ ಕೆಲಸ ಮಾಡುವಾಗ ಪ್ಯಾಚ್‌ನಿಂದ ಹೊಸದಾಗಿ ಸಿಗುವುದು ಕಡಿಮೆ.

ಪ್ಯಾಚ್ ಮಾತ್ರೆಗಿಂತ ಮೇಲಿನ ದರ್ಜೆಯ ಔಷಧಿ ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಕೆಲವೇ ಔಷಧಿಗಳಿಗೆ ಹೊಂದುವ ಬೇರೆ ದಾರಿ, ಅಷ್ಟೇ.

ಕ್ಲೊನಿಡಿನ್ ಬಿಪಿಯನ್ನು ಹೇಗೆ ಇಳಿಸುತ್ತದೆ?

ಮೆದುಳಿನ ಬುಡದಲ್ಲಿ ರಕ್ತನಾಳಗಳನ್ನು ಬಿಗಿ ಮಾಡುವ, ಹೃದಯವನ್ನು ಜೋರಾಗಿ ಓಡಿಸುವ ನರಗಳ ಹತೋಟಿ ಇದೆ. ಕ್ಲೊನಿಡಿನ್ ಅಲ್ಲಿ ಹೋಗಿ ಆ ಸಂದೇಶಗಳನ್ನು ತಗ್ಗಿಸುತ್ತದೆ. ನಾಳಗಳು ಸಡಿಲವಾಗುತ್ತವೆ, ನಾಡಿ ನಿಧಾನವಾಗುತ್ತದೆ, ಬಿಪಿ ಇಳಿಯುತ್ತದೆ.

1960ರ ದಶಕದ ಆರಂಭದಲ್ಲಿ ಜರ್ಮನಿಯ ಬೋರಿಂಗರ್ ಇಂಗಲ್‌ಹೈಮ್ ಕಂಪನಿ ಇದನ್ನು ತಯಾರಿಸಿದ್ದು ಕಟ್ಟಿದ ಮೂಗು ಬಿಡಿಸಲು. ಮೂಗಿಗೆ ಹನಿ ಹಾಕಿಸಿಕೊಂಡವರಿಗೆ ಗಾಢ ನಿದ್ದೆ ಬಂತು, ಬಿಪಿ ಇಳಿಯಿತು. ಹಾಗೆ ಅದು ಬಿಪಿ ಔಷಧಿಯಾಯಿತು. ಆ ನಿದ್ದೆಯ ಗುಣ ಇಂದಿಗೂ ಅದನ್ನು ಬಿಟ್ಟಿಲ್ಲ.

ಹಾಗಾದರೆ ಯಾರಿಗೆ ಬರೆದುಕೊಡುತ್ತಾರೆ?

ಮೊದಲ ಔಷಧಿಯಾಗಿ ಯಾರಿಗೂ ಅಲ್ಲ ಅಂದರೆ ಹೆಚ್ಚು ತಪ್ಪಾಗದು. ಅಮೆರಿಕದ ವೈದ್ಯರ ಮಾರ್ಗಸೂಚಿಯಲ್ಲೂ ಕ್ಲೊನಿಡಿನ್ ಗುಂಪಿಗೆ ಕೊನೆಯ ಜಾಗ. ಮೆದುಳಿನ ಮೇಲೆ ಕೆಲಸ ಮಾಡುವುದರಿಂದ ವಯಸ್ಸಾದವರಿಗೆ ಮಂಪರು, ಗೊಂದಲ ಬರಬಹುದು ಎಂಬುದೇ ಕಾರಣ. ಮೂರು ನಾಲ್ಕು ಔಷಧಿ ಕೊಟ್ಟರೂ ಬಿಪಿ ಇಳಿಯದವರಿಗೆ ಇದನ್ನು ಸೇರಿಸುತ್ತಾರೆ. ಲಕ್ವ ಹೊಡೆದು ನುಂಗಲು ಆಗದವರು, ಬಾಯಿಂದ ಏನೂ ಕೊಡಬಾರದ ಸ್ಥಿತಿಯಲ್ಲಿ ಇರುವವರು, ಮರೆವಿನ ಕಾಯಿಲೆಯಿಂದ ಮಾತ್ರೆ ಬೇಡವೆಂದು ಹಟ ಮಾಡುವವರು, ಇಂಥವರಿಗೆ ಪ್ಯಾಚ್ ರೂಪ ಉಪಯೋಗಕ್ಕೆ ಬರುತ್ತದೆ. ಮನೆಯವರು ವಾರಕ್ಕೊಮ್ಮೆ ಅಂಟಿಸಿದರೆ ಸಾಕು.

ಮುಂಬೈಯಲ್ಲಿ ಸಿಗುತ್ತದಾ?

ಕ್ಲೊನಿಡಿನ್ ಮಾತ್ರೆ ಸಿಗುತ್ತದೆ. ಆರ್ಕಮಿನ್ ಹೆಸರಿನ 100 ಮೈಕ್ರೊಗ್ರಾಂ ಮಾತ್ರೆ ಇಲ್ಲಿಯ ಡಾಕ್ಟರುಗಳಿಗೆ ಹಳೆಯ ಪರಿಚಯ, ಅದರಲ್ಲೂ ಕಿಡ್ನಿ ತೊಂದರೆಯವರನ್ನು ನೋಡುವವರಿಗೆ. ಪ್ಯಾಚ್ ಮಾತ್ರ ದಾದರ್‌ನಲ್ಲೋ ಡೊಂಬಿವಿಲಿಯಲ್ಲೋ ಮೆಡಿಕಲ್‌ಗೆ ಹೋಗಿ ಕೇಳಿದ ಕೂಡಲೇ ಕೈಗೆ ಬರುವ ವಸ್ತುವಲ್ಲ. ಅದಕ್ಕಾಗಿ ಅಲೆಯಬೇಡಿ. ಯಾವುದೋ ವೆಬ್‌ಸೈಟಿನಿಂದ ತರಿಸಿಕೊಳ್ಳಲೂಬೇಡಿ. ದಾರಿಯಲ್ಲಿ ಬಿಸಿಲಿಗೆ ಬೆಂದ, ಅವಧಿ ಮುಗಿದ ಅಥವಾ ನಕಲಿ ಪ್ಯಾಚ್ ಬಂದರೆ ಗುರುತಿಸುವ ದಾರಿ ನಿಮಗಿಲ್ಲ.

ಅಮ್ಮ ನ್ಯೂಜರ್ಸಿಯಲ್ಲಿ ಅಣ್ಣನ ಮನೆಯಲ್ಲಿದ್ದಾಗ ಪ್ಯಾಚ್ ಶುರು ಮಾಡಿದರು. ಈಗ ಇಲ್ಲಿಗೆ ಬಂದಿದ್ದಾರೆ, ಪ್ಯಾಚ್ ಮುಗಿಯುತ್ತಾ ಬಂದಿದೆ. ಬಿಪಿ ಚೆನ್ನಾಗಿದೆ. ನಿಲ್ಲಿಸಬಹುದಾ?

ನಿಲ್ಲಿಸಬಾರದು. ಈ ಪುಟದಲ್ಲಿ ಬೇರೇನೂ ಓದದಿದ್ದರೂ ಇದನ್ನು ಓದಿ.

ಕ್ಲೊನಿಡಿನ್ ಅನ್ನು ಥಟ್ಟನೆ ನಿಲ್ಲಿಸಿದರೆ ಇಷ್ಟು ದಿನ ತಗ್ಗಿಸಿಟ್ಟಿದ್ದ ನರಗಳು ಒಮ್ಮೆಲೇ ಜೋರಾಗುತ್ತವೆ. ಬಿಪಿ ಮೊದಲಿದ್ದುದಕ್ಕಿಂತಲೂ ಮೇಲೆ ಹೋಗಬಹುದು. ತಲೆನೋವು, ಚಡಪಡಿಕೆ, ಕೈ ನಡುಕ, ಎದೆ ಡವಡವ ಜೊತೆಗೆ ಬರುತ್ತವೆ. ಮೆದುಳಿಗೆ ಪೆಟ್ಟಾದ, ಜೀವಕ್ಕೇ ಅಪಾಯವಾದ ಉದಾಹರಣೆಗಳೂ ದಾಖಲಾಗಿವೆ. ಪ್ಯಾಚ್ ತೆಗೆದ ಮೇಲೆ ಔಷಧಿಯ ಮಟ್ಟ ಸುಮಾರು 8 ಗಂಟೆ ಹಾಗೇ ಇದ್ದು, ಆಮೇಲೆ ಕೆಲವು ದಿನಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಅದಕ್ಕೇ ಮೊದಲ ದಿನ "ಏನೂ ಆಗಲಿಲ್ಲವಲ್ಲ" ಅನ್ನಿಸುತ್ತದೆ. ಆ ಧೈರ್ಯವನ್ನು ನಂಬಬೇಡಿ.

ಅಮ್ಮ ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಬೀಟಾ ಬ್ಲಾಕರ್ ಕೂಡ ತಗೊಳ್ಳುತ್ತಿದ್ದರೆ ಅಪಾಯ ಇನ್ನೂ ಜಾಸ್ತಿ. ಎರಡನ್ನೂ ನಿಲ್ಲಿಸಬೇಕಾಗಿ ಬಂದರೆ ಮೊದಲು ಬೀಟಾ ಬ್ಲಾಕರ್, ಕೆಲವು ದಿನ ಬಿಟ್ಟು ಕ್ಲೊನಿಡಿನ್, ಅದೂ ಹಂತ ಹಂತವಾಗಿ. ಈ ಕ್ರಮವನ್ನು ಡಾಕ್ಟರೇ ನಡೆಸಬೇಕು.

ಹಾಗಾದರೆ ಮಾಡುವುದೇನು? ಇನ್ನೂ ಎರಡು ಪ್ಯಾಚ್ ಕೈಯಲ್ಲಿ ಇರುವಾಗಲೇ ಇಲ್ಲಿಯ ಫಿಸಿಶಿಯನ್ ಹತ್ತಿರ ಹೋಗಿ. ಪ್ಯಾಚ್‌ನ ಖಾಲಿ ಪೊಟ್ಟಣ ಜೊತೆಗಿರಲಿ, ಅದರ ಮೇಲೆ ಡೋಸ್ ಇರುತ್ತದೆ. ಅವರು ಅದೇ ಔಷಧಿಯ ಮಾತ್ರೆಗೆ ಬದಲಿಸಬಹುದು, ಅಥವಾ ನಿಧಾನವಾಗಿ ಇಳಿಸುತ್ತಾ ಬೇರೆ ಔಷಧಿ ತರಬಹುದು. ಮಾತ್ರೆಗೆ ಬಂದರೆ ಒಂದು ವ್ಯತ್ಯಾಸ ಗೊತ್ತಿರಲಿ: ಅದನ್ನು ದಿನಕ್ಕೆ ಎರಡು ಮೂರು ಸಲ ತಗೊಳ್ಳಬೇಕಾಗುತ್ತದೆ. ವಾರಕ್ಕೊಮ್ಮೆಯ ಅಭ್ಯಾಸವಾದವರು ಇಲ್ಲೇ ತಪ್ಪುವುದು. ಮೊದಲ ವಾರ ಮನೆಯಲ್ಲಿ ಯಾರಾದರೂ ನೆನಪಿಸಬೇಕು.

ಅಮೆರಿಕದಿಂದ ಯಾರೋ ಬರುವವರ ಕೈಯಲ್ಲಿ ಪ್ಯಾಚ್ ತರಿಸುವ ಯೋಚನೆಯೂ ಇರುತ್ತದೆ. ವಿಮಾನ ತಡವಾದರೆ, ಬರುವವರು ಮರೆತರೆ, ನಿಲ್ಲುವುದು ಅಮ್ಮನ ಔಷಧಿ. ಇಲ್ಲಿ ಸಿಗುವ ಔಷಧಿಗೆ ಬದಲಾಗುವುದೇ ಗಟ್ಟಿ ದಾರಿ ಎಂದು ನನ್ನ ಅಭಿಪ್ರಾಯ.

ಮಾತ್ರೆಯಿಂದ ಪ್ಯಾಚ್‌ಗೆ ಹೋಗುವವರಿಗೆ?

ಮೊದಲ ಪ್ಯಾಚ್ ಅಂಟಿಸಿದ ಮೇಲೆ ಪೂರ್ತಿ ಪರಿಣಾಮ ಬರಲು 2ರಿಂದ 3 ದಿನ ಬೇಕು. ಆ ದಿನಗಳಲ್ಲಿ ಹಳೆಯ ಮಾತ್ರೆ ಮುಂದುವರಿಸಿ ಆಮೇಲೆ ಇಳಿಸುವಂತೆ ಡಾಕ್ಟರು ಬರೆದುಕೊಡುತ್ತಾರೆ. ಅಂಟಿಸಿದ ದಿನವೇ ಮಾತ್ರೆ ಡಬ್ಬಿ ಎತ್ತಿಡಬೇಡಿ.

ಎಲ್ಲಿ, ಹೇಗೆ ಅಂಟಿಸಬೇಕು?

ತೋಳಿನ ಮೇಲ್ಭಾಗದ ಹೊರಬದಿ, ಇಲ್ಲವೇ ಎದೆಯ ಮೇಲ್ಭಾಗ. ಕೂದಲಿಲ್ಲದ ಜಾಗ ಬೇಕು. ಗಾಯ, ತರಚು, ಮಡಿಕೆ ಇರಬಾರದು. ಸೋಪಿನಿಂದ ತೊಳೆದು ಚೆನ್ನಾಗಿ ಒಣಗಿಸಿ. ಕೊಬ್ಬರಿ ಎಣ್ಣೆ, ಪೌಡರ್, ಕ್ರೀಮ್ ಯಾವುದೂ ಬೇಡ. ನಮ್ಮವರಿಗೆ ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚುವ ರೂಢಿ ಇದೆ, ಪ್ಯಾಚ್ ಸುತ್ತ ಅದನ್ನು ಬಿಡಬೇಕು. ಅಂಟಿಸಿ ಅಂಗೈಯಿಂದ ಒತ್ತಿ, ಅಂಚುಗಳನ್ನು ಇನ್ನೊಮ್ಮೆ ಒತ್ತಿ. ಕೈ ತೊಳೆಯಿರಿ. ಮುಂದಿನ ವಾರ ಹಳೆಯದನ್ನು ತೆಗೆದು ಬೇರೆ ಜಾಗದಲ್ಲಿ ಹೊಸದು. ಹಳೆಯದು ಮೈಮೇಲೆ ಇರುವಾಗಲೇ ಮರೆತು ಇನ್ನೊಂದು ಅಂಟಿಸುವುದು ಅಪಾಯ, ಡೋಸ್ ಎರಡು ಪಟ್ಟಾಗುತ್ತದೆ. ಕ್ಯಾಲೆಂಡರಿನಲ್ಲಿ ವಾರ ಗುರುತು ಹಾಕಿ, ಯಾವ ತೋಳು ಎಂದೂ ಬರೆಯಿರಿ.

ಬಿಪಿ ನೋಡುವ ಪಟ್ಟಿಯನ್ನು ಪ್ಯಾಚ್ ಮೇಲೆ ಸುತ್ತಬೇಡಿ. ಇನ್ನೊಂದು ತೋಳಿನಲ್ಲಿ ನೋಡಿ.

ನಾನು ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಬೆವರಿಗೆ ಪ್ಯಾಚ್ ನಿಲ್ಲುತ್ತದಾ?

ನಿಮ್ಮ ಚಿಂತೆ ಸರಿಯಾದದ್ದು. ದೋಸೆ ಕಲ್ಲಿನ ಮುಂದೆ ನಿಂತವರ ಮೈಯ ಬೆವರು, ಮೇ ತಿಂಗಳ ಸೆಕೆ, ನಾಲ್ಕು ತಿಂಗಳ ಮಳೆಗಾಲದ ತೇವ, ಸಾಯಂಕಾಲದ ಲೋಕಲ್‌ನಲ್ಲಿ ತೋಳಿಗೆ ತೋಳು ಉಜ್ಜುವುದು, ಇವೆಲ್ಲ ಅಂಟಿಗೆ ಪರೀಕ್ಷೆಯೇ. ಪ್ಯಾಚ್ ಪೊಟ್ಟಣದ ಜೊತೆ ಔಷಧಿ ಇಲ್ಲದ ಒಂದು ದುಂಡನೆಯ ಅಂಟುಹೊದಿಕೆಯೂ ಬರುತ್ತದೆ. ಅಂಚು ಎದ್ದರೆ ಅದನ್ನು ಮೇಲೆ ಅಂಟಿಸಬೇಕು. ಆ ಹೊದಿಕೆಯನ್ನೇ ಔಷಧಿ ಎಂದು ತಿಳಿದು ಅದೊಂದನ್ನೇ ಅಂಟಿಸಿಕೊಂಡರೆ ಮೈಗೆ ಔಷಧಿ ಹೋಗುವುದೇ ಇಲ್ಲ. ಪೊಟ್ಟಣ ಬಿಚ್ಚಿದಾಗ ಎರಡನ್ನೂ ಗುರುತಿಸಿ. ಪ್ಯಾಚ್ 7 ದಿನಕ್ಕೆ ಮುಂಚೆಯೇ ಪೂರ್ತಿ ಕಳಚಿ ಬಿದ್ದರೆ ಬೇರೆ ಜಾಗದಲ್ಲಿ ಹೊಸದು ಹಾಕಿ.

ಬಿಸಿಯ ವಿಚಾರವೂ ಇದೆ. ಚರ್ಮ ಬಿಸಿಯಾದರೆ ಅಲ್ಲಿ ರಕ್ತದ ಓಡಾಟ ಹೆಚ್ಚಿ ಔಷಧಿ ಬೇಗ ಒಳಗೆ ಹೋಗಬಹುದು. ಬಿಸಿನೀರಿನ ಚೀಲ, ಶಾಖದ ಪಟ್ಟಿಗಳನ್ನು ಪ್ಯಾಚ್ ಮೇಲೆ ಇಡಬೇಡಿ. ಒಲೆಯ ಮುಂದೆ ನಿಂತಾಗ ತಲೆ ತೇಲಿದ ಹಾಗಾದರೆ ಕುಳಿತುಕೊಳ್ಳಿ, ನೀರು ಕುಡಿಯಿರಿ, ಬಿಪಿ ನೋಡಿಸಿ. ಇಂಥ ಕೆಲಸದವರಿಗೆ ಪ್ಯಾಚ್ ಅಷ್ಟು ಹೊಂದುವುದಿಲ್ಲ ಎಂದೇ ನನಗೆ ಅನ್ನಿಸುತ್ತದೆ. ನಿಮ್ಮ ಕೆಲಸ ಏನೆಂದು ಡಾಕ್ಟರಿಗೆ ಬಿಡಿಸಿ ಹೇಳಿ. ಬಹಳ ಜನ "ಹೋಟೆಲ್" ಅಂತಷ್ಟೇ ಹೇಳುತ್ತಾರೆ. ಗಲ್ಲಾದಲ್ಲಿ ಕೂರುವುದಕ್ಕೂ ಭಟ್ಟಿಯ ಮುಂದೆ ನಿಲ್ಲುವುದಕ್ಕೂ ವ್ಯತ್ಯಾಸ ಇದೆ.

ಅಂಟಿಸಿದ ಜಾಗ ತುರಿಸುತ್ತದೆ, ಕೆಂಪಾಗಿದೆ. ಏನು ಮಾಡಲಿ?

ಇದೇ ಈ ಪ್ಯಾಚ್‌ನ ದೊಡ್ಡ ತೊಂದರೆ. ಕಂಪನಿಯ ಮಾಹಿತಿ ಚೀಟಿಯಲ್ಲೇ ಹೇಳಿದೆ: 673 ಜನರಲ್ಲಿ 128 ಮಂದಿ ಚರ್ಮದ ಅಲರ್ಜಿಯಿಂದ ಪ್ಯಾಚ್ ಬಿಡಬೇಕಾಯಿತು. ಅಂದರೆ 100ಕ್ಕೆ ಸುಮಾರು 19. ಅದೂ ಶುರುವಿನಲ್ಲೇ ಅಲ್ಲ, ಸರಾಸರಿ 37 ವಾರ ಬಳಸಿದ ಮೇಲೆ. "ಆರು ತಿಂಗಳು ಏನೂ ಆಗಲಿಲ್ಲ, ಈಗ ಯಾಕೆ?" ಎಂದು ಕೇಳುವವರಿಗೆ ಇದೇ ಉತ್ತರ. ಚರ್ಮ ಆ ಔಷಧಿಯನ್ನು ಒಪ್ಪದಿರಲು ಸಮಯ ತಗೊಳ್ಳುತ್ತದೆ.

ಸ್ವಲ್ಪ ಕೆಂಪು, ಸ್ವಲ್ಪ ತುರಿಕೆ ಇದ್ದರೆ ಪ್ರತಿ ವಾರ ಜಾಗ ಬದಲಿಸಿದಾಗ ಕಡಿಮೆಯಾಗುತ್ತದೆ. ನೀರುಗುಳ್ಳೆ ಎದ್ದರೆ, ಕೆಂಪು ಪ್ಯಾಚ್‌ನ ಗಡಿ ದಾಟಿ ಹರಡಿದರೆ, ಮೈಯೆಲ್ಲ ದದ್ದು ಬಂದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಪ್ಯಾಚ್ ಕಿತ್ತು ಬಿಸಾಡಿ ಸುಮ್ನೆ ಕೂರುವಂತಿಲ್ಲ, ಬದಲಿ ಔಷಧಿ ಬೇಕು. ಪ್ಯಾಚ್‌ಗೆ ಹೀಗೆ ಅಲರ್ಜಿಯಾದವರಿಗೆ ಅದೇ ಔಷಧಿಯ ಮಾತ್ರೆಯಿಂದಲೂ ಮೈಯೆಲ್ಲ ದದ್ದು ಏಳಬಹುದು. ಆ ವಿಷಯ ಹೊಸ ಡಾಕ್ಟರಿಗೆ ತಿಳಿಯಬೇಕು.

ಬೇರೆ ಅಡ್ಡ ಪರಿಣಾಮಗಳು?

ಬಾಯಿ ಒಣಗುವುದು ಮತ್ತು ಮಂಪರು, ಇವೆರಡು ಹೆಚ್ಚು. ಆಯಾಸ, ತಲೆಸುತ್ತು, ಮಲಬದ್ಧತೆಯೂ ಬರಬಹುದು. ಮೊದಲ ದಿನಗಳಲ್ಲಿ ಗಾಡಿ ಓಡಿಸಬೇಡಿ. ಮದ್ಯ, ನಿದ್ದೆ ಮಾತ್ರೆ ಜೊತೆಗೆ ಸೇರಿದರೆ ಮಂಪರು ದುಪ್ಪಟ್ಟಾಗುತ್ತದೆ. ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವ ಹಿರಿಯರು ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು ಏಳಲಿ.

ಬಳಸಿದ ಪ್ಯಾಚ್ ಕಸಕ್ಕೆ ಹಾಕಬಹುದಾ? ಮನೆಯಲ್ಲಿ ಎರಡು ವರ್ಷದ ಮೊಮ್ಮಗ ಇದ್ದಾನೆ.

ಲೆಕ್ಕ ಹಾಕಿ ನೋಡೋಣ. ಅತಿ ಚಿಕ್ಕ ಪ್ಯಾಚ್‌ನಲ್ಲಿ ಇರುವ ಒಟ್ಟು ಔಷಧಿ 2.5 ಮಿಲಿಗ್ರಾಂ. ದಿನಕ್ಕೆ 0.1ರಂತೆ ವಾರಕ್ಕೆ ಖರ್ಚಾಗುವುದು 0.7. ಅಂದರೆ ಬಿಸಾಡುವಾಗಲೂ ಸುಮಾರು 1.8 ಮಿಲಿಗ್ರಾಂ ಒಳಗೇ ಉಳಿದಿರುತ್ತದೆ. ದೊಡ್ಡವರಿಗೆ ಹದಿನೆಂಟು ಮಾತ್ರೆಯಷ್ಟು ಔಷಧಿ ಅದು. ಮಗು ಅದನ್ನು ಬಾಯಿಗೆ ಹಾಕಿ ಜಗಿದರೆ, ಅಥವಾ ಮೈಗೆ ಅಂಟಿಸಿಕೊಂಡರೆ, ಗಾಢ ಮಂಪರು ಬಂದು ನಾಡಿ ಇಳಿದು ಉಸಿರಾಟವೇ ನಿಧಾನವಾಗಬಹುದು.

ತೆಗೆದ ಕೂಡಲೇ ಅಂಟಿನ ಬದಿ ಒಳಗೆ ಬರುವ ಹಾಗೆ ಮಡಚಿ. ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ, ಮಗುವಿನ ಕೈಗೆ ಎಟುಕದ ಕಡೆ ಇಟ್ಟು, ಕಸದ ಗಾಡಿ ಬಂದಾಗ ನೇರವಾಗಿ ಕೊಡಿ. ಚಾಳಿನ ವರಾಂಡದಲ್ಲಿ ತೆರೆದ ಬುಟ್ಟಿಗೆ ಹಾಕಬೇಡಿ. ಪಕ್ಕದ ಮನೆಯ ಮಕ್ಕಳು, ಬೆಕ್ಕು, ನಾಯಿ, ಕಸ ಆರಿಸುವವರು, ಯಾರ ಕೈಗೂ ಸಿಗಬಾರದು. ಅಜ್ಜನ ತೋಳಿನಿಂದ ಕಳಚಿ ಹಾಸಿಗೆಯಲ್ಲಿ ಬಿದ್ದ ಪ್ಯಾಚ್ ಮಗುವಿನ ಬೆನ್ನಿಗೆ ಅಂಟುವುದೂ ಸಾಧ್ಯ. ದಿನಾ ಬೆಳಿಗ್ಗೆ ಪ್ಯಾಚ್ ಜಾಗದಲ್ಲೇ ಇದೆಯಾ ನೋಡಿ. ಮಗು ಬಾಯಿಗೆ ಹಾಕಿದೆ ಎಂಬ ಅನುಮಾನ ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಪೊಟ್ಟಣ ಹಿಡಿದು ಆಸ್ಪತ್ರೆಗೆ ಓಡಿ.

ಎಂಆರ್‌ಐ ಮಾಡಿಸಬೇಕು. ಪ್ಯಾಚ್ ಇರಬಹುದಾ?

ತೆಗೆಯಬೇಕು. ಈ ಪ್ಯಾಚ್‌ನ ಹೊದಿಕೆಯಲ್ಲಿ ಅಲ್ಯೂಮಿನಿಯಂ ಇದೆ. ಎಂಆರ್‌ಐ ಯಂತ್ರದೊಳಗೆ ಅದು ಕಾದು ಚರ್ಮ ಸುಟ್ಟ ವರದಿಗಳಿವೆ. 2009ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಲೋಹ ಇರುವ ಪ್ಯಾಚ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಸ್ಕ್ಯಾನ್‌ಗೆ ಹೆಸರು ಬರೆಸುವಾಗಲೇ ಹೇಳಿ, ಮುಗಿದ ಮೇಲೆ ಹೊಸದು ಅಂಟಿಸುವ ಬಗ್ಗೆಯೂ ಕೇಳಿಕೊಳ್ಳಿ. ಇಲ್ಲಿ ಈ ಪ್ಯಾಚ್ ಕಂಡವರು ಕಡಿಮೆ, ಹಾಗಾಗಿ ಟೆಕ್ನಿಶಿಯನ್ ತಾನಾಗಿ ಕೇಳುತ್ತಾರೆಂದು ಕಾಯಬೇಡಿ. ಹೃದಯಕ್ಕೆ ಶಾಕ್ ಕೊಡುವಾಗಲೂ ಪ್ಯಾಚ್ ತೆಗೆಯಬೇಕು.

ಆಪರೇಷನ್ ಇದ್ದರೆ ಮಾತು ಬೇರೆ. ಆಗ ಪ್ಯಾಚ್ ಮುಂದುವರಿಸುವುದೇ ಸಾಮಾನ್ಯ ಕ್ರಮ. ಅರಿವಳಿಕೆ ಕೊಡುವ ಡಾಕ್ಟರಿಗೆ ತಿಳಿಸಿ.

ಬಿಪಿ ಒಮ್ಮೆಲೇ 200 ಆಯಿತು. ಇನ್ನೊಂದು ಪ್ಯಾಚ್ ಅಂಟಿಸಲಾ?

ಬೇಡ. ಪ್ಯಾಚ್ ಕೆಲಸ ಶುರು ಮಾಡಲು ದಿನಗಳೇ ಬೇಕು, ತುರ್ತಿಗೆ ಅದು ಆಗುವುದಿಲ್ಲ. ನಿಫೆಡಿಪಿನ್ ಎಂಬ ಬಿಪಿ ಔಷಧಿಯ ಕ್ಯಾಪ್ಸೂಲ್ ಕಚ್ಚಿ ನಾಲಿಗೆ ಕೆಳಗಿಡುವ ಹಳೆಯ ರೂಢಿಯನ್ನೂ ಮಾಡಬೇಡಿ, ಬಿಪಿ ಸರ್ರನೆ ಕುಸಿದು ಹೃದಯಕ್ಕೆ, ಮೆದುಳಿಗೆ ರಕ್ತ ಕಡಿಮೆಯಾಗುತ್ತದೆ. 5 ನಿಮಿಷ ಸುಮ್ಮನೆ ಕುಳಿತು ಮತ್ತೆ ನೋಡಿ. 180/120ಕ್ಕಿಂತ ಮೇಲಿದ್ದು ಎದೆನೋವು, ಉಸಿರು ಕಟ್ಟುವುದು, ಮಾತು ತೊದಲುವುದು, ಕೈಕಾಲು ಬಲ ಇಲ್ಲದಿರುವುದು, ಕಣ್ಣು ಮಂಜಾಗುವುದು ಇದ್ದರೆ 108ಕ್ಕೆ ಕರೆ ಮಾಡಿ. ಲಕ್ಷಣ ಏನೂ ಇಲ್ಲದಿದ್ದರೆ ಅವತ್ತೇ ಡಾಕ್ಟರನ್ನು ಸಂಪರ್ಕಿಸಿ.

ಅಪ್ಪನಿಗೆ ಹೃದಯಕ್ಕೆಂದು ಎದೆ ಮೇಲೆ ಪ್ಯಾಚ್ ಹಾಕುತ್ತಾರೆ. ಅದೇ ಇದಾ?

ಅಲ್ಲ. ಅದು ನೈಟ್ರೊಗ್ಲಿಸರಿನ್ ಇರಬೇಕು, ಎದೆನೋವು ಬರದಂತೆ ತಡೆಯಲು. ಅದನ್ನು ಸಾಮಾನ್ಯವಾಗಿ ದಿನಕ್ಕೆ 12ರಿಂದ 14 ಗಂಟೆ ಇಟ್ಟು ಉಳಿದ ಹೊತ್ತು ತೆಗೆದಿಡುತ್ತಾರೆ, ಇಲ್ಲವಾದರೆ ಮೈ ಒಗ್ಗಿಹೋಗಿ ಪರಿಣಾಮ ಕುಗ್ಗುತ್ತದೆ. ಕ್ಲೊನಿಡಿನ್ ಪ್ಯಾಚ್‌ಗೆ ಇಂಥ ಬಿಡುವು ಇಲ್ಲ. ಒಂದೇ ಮನೆಯಲ್ಲಿ ಎರಡೂ ಇದ್ದರೆ ಬೇರೆ ಬೇರೆ ಡಬ್ಬಿಯಲ್ಲಿ ಇಡಿ.

ಅಂಗಾಲಿಗೆ, ಹೊಕ್ಕುಳಿಗೆ ಅಂಟಿಸುವ "ಗಿಡಮೂಲಿಕೆ ಬಿಪಿ ಪ್ಯಾಚ್" ಆನ್‌ಲೈನ್‌ನಲ್ಲಿ ನೋಡಿದೆ. ಮಾತ್ರೆ ಬಿಡಬಹುದು ಅಂತಾರೆ.

ದಯವಿಟ್ಟು ಬಿಡಬೇಡಿ. ಅಂಗಾಲಿನ ಚರ್ಮ ಇಡೀ ಮೈಯಲ್ಲೇ ದಪ್ಪ. ನಿಜವಾದ ಔಷಧಿ ಕಂಪನಿಗಳು ಪ್ಯಾಚ್‌ಗೆ ಆ ಜಾಗವನ್ನು ಆರಿಸದಿರಲು ಕಾರಣ ಅದೇ. ಎಷ್ಟು ಔಷಧಿ, ಗಂಟೆಗೆ ಎಷ್ಟು ಒಳಗೆ ಹೋಗುತ್ತದೆ, ಯಾರ ಮೇಲೆ ಪರೀಕ್ಷೆ ಮಾಡಿದರು ಎಂದು ಆ ಪೊಟ್ಟಣಗಳಲ್ಲಿ ಹುಡುಕಿ ನೋಡಿ.

ನಮ್ಮ ದೇಶದಲ್ಲಿ 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಎಂಬುದಿದೆ. ಇಂತಿಂಥ ಕಾಯಿಲೆ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡಬಾರದು ಎಂಬ ಪಟ್ಟಿ ಅದರಲ್ಲಿದೆ, ಪಟ್ಟಿಯಲ್ಲಿ ರಕ್ತದೊತ್ತಡವೂ ಇದೆ. ಹಾಗಾಗಿ "ಬಿಪಿ ಬೇರು ಸಮೇತ ಗುಣ" ಎನ್ನುವ ಜಾಹೀರಾತು ನೋಡಿದ ಕೂಡಲೇ ಅನುಮಾನ ಬರಬೇಕು. ಸ್ಟಿಕರ್‌ನಿಂದ ಕೆಟ್ಟದ್ದು ಆಗದೇ ಇರಬಹುದು. ಅದನ್ನು ನಂಬಿ ಮಾತ್ರೆ ಬಿಟ್ಟದ್ದರಿಂದ ಕೆಟ್ಟದ್ದಾಗುತ್ತದೆ. ಏರಿದ ಬಿಪಿ ಹೆಚ್ಚಿನವರಿಗೆ ಏನೂ ತೋರಿಸುವುದಿಲ್ಲ, ಒಳಗೊಳಗೇ ಕಿಡ್ನಿ, ಕಣ್ಣು, ಮೆದುಳನ್ನು ಕೆಡಿಸುತ್ತದೆ.

ಸರ್ಪಗಂಧದ ಎಣ್ಣೆ ತಿಕ್ಕಿದರೆ? ಅದು ನಮ್ಮದೇ ಔಷಧಿಯಲ್ವಾ?

ಸರ್ಪಗಂಧಕ್ಕೆ ಬಿಪಿ ಇಳಿಸುವ ಗುಣ ಇರುವುದು ನಿಜ, ಅದನ್ನು ಜಗತ್ತಿಗೆ ತೋರಿಸಿದ್ದು ನಮ್ಮ ಮುಂಬೈಯೇ. ಇಲ್ಲಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಈ ಬಗ್ಗೆ ಬರೆದರು. ಆ ಕೆಲಸಕ್ಕೆ 1957ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. ಮುಂಬೈಯವರು ಹೆಮ್ಮೆಪಡಬೇಕಾದ ಸಂಗತಿ. ಆದರೆ ಅವರು ರೋಗಿಗಳಿಗೆ ಕೊಟ್ಟದ್ದು ಬೇರಿನ ಮಾತ್ರೆಯನ್ನು, ಬಾಯಿಯಿಂದ. ಆಮೇಲೆ ಆ ಬೇರಿನಿಂದ ರೆಸರ್ಪಿನ್ ಎಂಬ ಔಷಧಿ ಬಂತು. ಅದು ಕೆಲವರಲ್ಲಿ ಮನಸ್ಸು ಕುಗ್ಗಿಸುತ್ತದೆಂಬ ಭಯವೂ ಬಂತು, ಬೇರೆ ಔಷಧಿಗಳೂ ಬಂದವು, ಅದರ ಬಳಕೆ ಕಡಿಮೆಯಾಯಿತು. ಎಣ್ಣೆ ತಿಕ್ಕಿಸಿಕೊಂಡರೆ ಮೈಗೆ ಹಿತ ಅನಿಸಬಹುದು. ಅದನ್ನು ಬಿಪಿ ಔಷಧಿಯ ಲೆಕ್ಕಕ್ಕೆ ಹಿಡಿಯಬೇಡಿ.

ಮಂಡಿನೋವಿಗೆ ಮುಲಾಮು ಹಚ್ಚುತ್ತೇನೆ. ಅದರಿಂದ ಬಿಪಿ ಏರುತ್ತದಾ?

ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪು, ನೀರು ಹಿಡಿದಿಟ್ಟು ಬಿಪಿ ಏರಿಸಬಹುದು. ಬಿಪಿ ಮಾತ್ರೆಯ ಕೆಲಸವನ್ನೂ ಕೆಡಿಸಬಹುದು. ಮುಲಾಮಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಹಾಗಾಗಿ ಮಾತ್ರೆಗಿಂತ ಅದು ವಾಸಿ. ಆದರೂ ದಿನಾ, ದೊಡ್ಡ ಜಾಗಕ್ಕೆ, ತಿಂಗಳುಗಟ್ಟಲೆ ಹಚ್ಚುವವರು ಡಾಕ್ಟರಿಗೆ ಹೇಳಿ.

ನುಂಗಲು ಕಷ್ಟ, ಪ್ಯಾಚ್ ಸಿಗುವುದಿಲ್ಲ. ಬೇರೆ ದಾರಿ?

ಇದೆ. ಹಲವು ಬಿಪಿ ಮಾತ್ರೆಗಳನ್ನು ಪುಡಿ ಮಾಡಿ ಕೊಡಬಹುದು, ಸಾಮಾನ್ಯ ಅಮ್ಲೋಡಿಪಿನ್ ಅವುಗಳಲ್ಲಿ ಒಂದು. ಆದರೆ ಹೆಸರಿನ ಮುಂದೆ ಎಕ್ಸ್‌ಎಲ್, ಇಆರ್, ರಿಟಾರ್ಡ್ ಎಂದಿದ್ದರೆ ಪುಡಿ ಮಾಡಲೇಬೇಡಿ. ಇಡೀ ದಿನದ ಔಷಧಿ ಒಂದೇ ಸಲ ಬಿಡುಗಡೆಯಾಗುತ್ತದೆ. ಮಾತ್ರೆಗಳ ಸಂಖ್ಯೆಯೇ ತೊಂದರೆಯಾದರೆ ಎರಡು ಮೂರು ಔಷಧಿ ಒಂದೇ ಮಾತ್ರೆಯಲ್ಲಿ ಬರುವುದನ್ನು ಕೇಳಿ. ಪ್ಯಾಚ್ ಬೇಕೆಂದು ಬರುವವರಲ್ಲಿ ಅನೇಕರಿಗೆ ನಿಜವಾಗಿ ಬೇಕಾಗಿರುವುದು ಇದು.

ಮುಂದೆ ಹೊಸ ಪ್ಯಾಚ್ ಬರುತ್ತದಾ?

ಪ್ರಯತ್ನ ನಡೆದಿದೆ. ನೋವಾಗದಷ್ಟು ಚಿಕ್ಕ ಸೂಜಿಗಳಿರುವ ಪ್ಯಾಚ್‌ನಿಂದ ಆ ಮೇಲಿನ ಪದರ ದಾಟಿಸುವುದು, ಸಣ್ಣ ವಿದ್ಯುತ್ತಿನಿಂದ ಔಷಧಿ ತಳ್ಳುವುದು, ಹೀಗೆ. ನಿಮ್ಮ ಇಂದಿನ ಮಾತ್ರೆ ಅದಕ್ಕಾಗಿ ಕಾಯಬಾರದು.

ಊರಿಗೆ ಹೋಗುವಾಗ ಏನು ಜೊತೆಗಿರಬೇಕು?

ಕೊಂಕಣ ರೈಲಿನಲ್ಲಿ ಉಡುಪಿಗೋ ಮಂಗಳೂರಿಗೋ ಹೊರಟಾಗ ಔಷಧಿಯನ್ನು ದೊಡ್ಡ ಬ್ಯಾಗಿಗೆ ಹಾಕಬೇಡಿ, ಕೈಚೀಲದಲ್ಲಿ ಇಡಿ. ಮಳೆಗಾಲದಲ್ಲಿ ಗುಡ್ಡ ಕುಸಿದು ರೈಲು ನಿಂತರೆ ಬ್ಯಾಗು ಸೀಟಿನ ಕೆಳಗೆಲ್ಲೋ ಇರುತ್ತದೆ. ಇರುವ ದಿನಗಳಿಗಿಂತ ಒಂದು ವಾರದಷ್ಟು ಹೆಚ್ಚು ಔಷಧಿ, ಡಾಕ್ಟರ ಚೀಟಿಯ ಫೋಟೋ ಮೊಬೈಲಿನಲ್ಲಿ, ಪ್ಯಾಚ್ ಇದ್ದರೆ ಒಂದು ಹೆಚ್ಚುವರಿ ಪ್ಯಾಚ್ ಮತ್ತು ಅದರ ಅಂಟುಹೊದಿಕೆ. ಕ್ಲೊನಿಡಿನ್ ಮಾತ್ರೆ ತಗೊಳ್ಳುವವರಾದರೆ ಅದರ ಹೆಸರನ್ನು ಜೊತೆಗೆ ಬರುವವರಿಗೂ ಹೇಳಿಡಿ. ಸಣ್ಣ ಊರಿನ ಮೆಡಿಕಲ್‌ನಲ್ಲಿ ಅದು ಅವತ್ತೇ ಸಿಗದಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಯ ಔಷಧಿ ಅಂಗಡಿಗೆ ಫೋನ್ ಮಾಡಿ ವಿಚಾರಿಸಿ, ಮುಂದಿನ ಹೊತ್ತಿನ ಮಾತ್ರೆ ತಪ್ಪುವ ಮೊದಲೇ.